ಗವಾನನ ಕಥೆಯೂ ಹಬಶಿಗಳ ಬಣ್ಣವೂ

ಬೀದರ ಜಿಲ್ಲೆಯ ಸುಶಿಕ್ಷಿತ ಮನೆತನಗಳಲ್ಲಿ ಖ್ವಾಜಾ ಮಹಮೂದ್ ಗವಾನನ ಕಥೆಯನ್ನು ಕೇಳದವರು ವಿರಳ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಕಮಲನಗರದಿಂದ ಭಾಲ್ಕಿಯ ಮಾರ್ಗವಾಗಿ ರೈಲಿನಲ್ಲಿ ಬೀದರಕ್ಕೆ ಬರುವ ಶಾಲೆಯ ಮಕ್ಕಳಿಗೆ ಕೋಟೆಯ ತರುವಾಯ ತೋರಿಸುವದು ಅವನ ಮದರಸಾವನ್ನೇ. 1472ರಲ್ಲಿ ಪೂರ್ತಿಯಾದ ಆ ಕಟ್ಟಡದ ಮುಂಭಾಗದಲ್ಲಿ ಉಳಿದುಕೊಂಡಿರುವ ಒಂದೇ ಮಿನಾರನ್ನು ತಲೆಯೆತ್ತಿ ನೋಡುತ್ತ ನಿಂತ ಮಕ್ಕಳಿಗೆ ಹೇಳಲ್ಪಡುವ ಕಥೆಯೂ ಬಹುಮಟ್ಟಿಗೆ ಒಂದೇ. ಗೀಲಾನ ಸೀಮೆಯಿಂದ ವ್ಯಾಪಾರಕ್ಕೆಂದು ಬಂದ ಈ ಪರದೇಶಸ್ಥನು 1453ರ ಸುಮಾರಿಗೆ ಬಹಮನಿ ಆಸ್ಥಾನವನ್ನು ಸೇರಿ, ಮುಂದೆ ಪ್ರಧಾನಿಯಾಗಿ, ರಾಜ್ಯವನ್ನು ಎರಡು ಕಡಲುಗಳ ವರೆಗೆ ಹಬ್ಬಿಸಿ, ತಾನು ಮಾತ್ರ ಸಾದಾ ಜೀವನವನ್ನು ನಡೆಸಿದನು. ಅವನ ಏಳಿಗೆಯನ್ನು ಸಹಿಸದ ಸರದಾರರು ಅವನ ಮುದ್ರೆಯನ್ನು ಕಾಯುತ್ತಿದ್ದ ಹಬಶಿ ಗುಲಾಮನನ್ನು ಒಲಿಸಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿ, ಒರಿಸ್ಸಾದ ಗಜಪತಿಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಹುಟ್ಟಿಸಿದರು. ಮದ್ಯದ ಅಮಲಿನಲ್ಲಿದ್ದ ಮೂರನೆಯ ಮಹಮ್ಮದ ಶಹನು ವಿಚಾರಣೆಯಿಲ್ಲದೆಯೇ ಅಪ್ಪಣೆ ಕೊಟ್ಟನು. 1481ನೆಯ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಜೌಹರನೆಂಬ ಹಬಶಿ ಗುಲಾಮನ ಕತ್ತಿಗೆ ಆ ವೃದ್ಧನ ತಲೆ ಉರುಳಿತು.

ಕಥೆ ದೊಡ್ಡದು, ಅದರ ದುಃಖವೂ ನಿಜವಾದದ್ದು. ಗವಾನನ ಯೋಗ್ಯತೆಯನ್ನು ಕುಂದಿಸುವದು ಪ್ರಕೃತ ವಿಮರ್ಶೆಯ ಉದ್ದೇಶವಲ್ಲ. ಆದರೆ ಕಥೆ ಹೇಳುವ ಬಗೆಯಲ್ಲಿ ಒಂದು ಸಂಗತಿಯು ಲಕ್ಷ್ಯಕ್ಕೆ ಬಾರದೆ ಉಳಿದಿದೆ. ಹಬಶಿಯು ಈ ಕಥೆಯಲ್ಲಿ ಎರಡು ಸಲ ಕಾಣಿಸಿಕೊಳ್ಳುವನು: ಒಮ್ಮೆ ಮುದ್ರೆಯನ್ನು ಮಾರಿಕೊಂಡವನಾಗಿ, ಇನ್ನೊಮ್ಮೆ ಕತ್ತಿಯನ್ನು ಎತ್ತಿದವನಾಗಿ. ಎರಡು ಸಲವೂ ಅವನು ಮತ್ತೊಬ್ಬರ ಕೈಯ ಆಯುಧ. ಎರಡು ಸಲವೂ ಅವನ ಹುಟ್ಟನ್ನು ಹೇಳದೆ ಕಥೆಯು ಮುಂದೆ ಸಾಗುವದಿಲ್ಲ. ಉಳಿದವರ ವಿಷಯದಲ್ಲಿ ಹಾಗಿಲ್ಲ. ಒಳಸಂಚಿನ ಮೂಲಪುರುಷನೆನಿಸಿದ ನಿಜಾಮ್-ಉಲ್-ಮುಲ್ಕ ಮಲಿಕ್ ಹಸನನು ಬ್ರಾಹ್ಮಣನಾಗಿ ಹುಟ್ಟಿ, ಸೆರೆಯಾಳಾಗಿ ಬಂದು, ಮುಸಲ್ಮಾನನಾದವನು. ಗವಾನನನ್ನು ಒಬ್ಬ ಬ್ರಾಹ್ಮಣಪುತ್ರನು ಕೊಲ್ಲಿಸಿದನೆಂದು ಯಾರೂ ಹೇಳುವದಿಲ್ಲ. ಹೇಳಬೇಕಾದ ಕಾರಣವೂ ಇಲ್ಲ. ಅವನ ಹುಟ್ಟಿಗೂ ಅವನ ಮತ್ಸರಕ್ಕೂ ಏನು ಸಂಬಂಧ? ಅಮಲಿನಲ್ಲಿ ನ್ಯಾಯವನ್ನು ಮರೆತ ಸುಲ್ತಾನನ ವಂಶವನ್ನಾಗಲಿ ಮೈಬಣ್ಣವನ್ನಾಗಲಿ ಎಣಿಸಿ ಅವನ ಅವಿವೇಕವನ್ನು ಯಾರೂ ವಿವರಿಸರು. ಆಳಾದವನ ಪಾಪಕ್ಕೆ ಮಾತ್ರ ಹುಟ್ಟಿನ ಹೆಸರು ಅಂಟಿಕೊಂಡು ಬಂದಿದೆ. ಈ ಕಥೆಯನ್ನು ನಾಟಕವಾಗಿ ಆಡಿಸಿದರೆ ಯಾವ ಪಾತ್ರಧಾರಿಯ ಮುಖಕ್ಕೆ ಮಸಿ ಬಳಿಯುವರೆಂಬದನ್ನು ಊಹಿಸಲು ಹೆಚ್ಚಿನ ಕಲ್ಪನೆ ಬೇಕಾಗಿಲ್ಲ.

ಕಥೆಯ ಮೂಲವನ್ನು ಹುಡುಕುತ್ತ ಹೋದರೆ ಮುಖ್ಯವಾಗಿ ದೊರೆಯುವವನು ಮಹಮ್ಮದ್ ಕಾಸಿಮ್ ಫಿರಿಸ್ತಾ. ಅವನು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತ್ರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ದಖನಿಗೆ ಬಂದು, ಅಹಮದನಗರದ ಆಶ್ರಯವು ತಪ್ಪಿದ ಮೇಲೆ ವಿಜಾಪುರವನ್ನು ಸೇರಿ, ಎರಡನೆಯ ಇಬ್ರಾಹಿಮ್ ಆದಿಲಶಹನ ಆಸರೆಯಲ್ಲಿ 17ನೆಯ ಶತಮಾನದ ಆರಂಭದಲ್ಲಿ ತನ್ನ ಇತಿಹಾಸವನ್ನು ಬರೆದನು. ಗವಾನನು ಸತ್ತು ಆಗಲೇ ನೂರು ವರುಷಗಳ ಮೇಲಾಗಿತ್ತು. 1829ರಲ್ಲಿ ಜಾನ್ ಬ್ರಿಗ್ಸನ ಇಂಗ್ಲಿಷ್ ಅನುವಾದವು ಪ್ರಕಟವಾದಂದಿನಿಂದ ದಖನಿನ ಇತಿಹಾಸವನ್ನು ಬರೆದ ಬಹು ಜನರಿಗೆ ಅದೇ ತವರುಮನೆಯಾಯಿತು. ಫಿರಿಸ್ತನು ಶ್ರಮಜೀವಿಯಾದ ಲೇಖಕ; ಕಥೆ ಹೇಳುವ ಶಕ್ತಿಯು ಅವನಲ್ಲಿ ವಿಶೇಷವಾಗಿತ್ತು. ಆದರೂ ಅವನು ಕಡಲಾಚೆಯಿಂದ ಬಂದ ಆಫಾಕಿಗಳ ಪಂಗಡಕ್ಕೆ ಸೇರಿದವನೆಂಬದನ್ನು ಮರೆಯಲಾಗದು. ಸತ್ತವನು ಆ ಪಂಗಡದ ಭೂಷಣ, ಕೊಲ್ಲಿಸಿದವರು ಎದುರುಪಂಗಡದವರು. ಹೀಗಿರುವಲ್ಲಿ ಅವನ ಲೇಖನಿಯು ಯಾವ ಕಡೆಗೆ ಬಾಗುವದೆಂಬದನ್ನು ವಿಮರ್ಶಕನು ಲೆಕ್ಕಕ್ಕೆ ಹಿಡಿಯಲೇಬೇಕು.

ಆಶ್ಚರ್ಯದ ಮಾತೆಂದರೆ, ಅವನ ಕಥೆಯನ್ನು ಮರಳಿ ಹೇಳಿದವರಿಗಿಂತ ಫಿರಿಸ್ತನೇ ಹೆಚ್ಚು ನ್ಯಾಯವಂತನು. ಗವಾನನ ಕೊಲೆಯಾದ ಮೇಲೆ ಪಾಳೆಯದಲ್ಲಿ ನಡೆದದ್ದನ್ನು ಅವನು ಮುಚ್ಚಿಡಲಿಲ್ಲ. ವರ್ಹಾಡದ ಅಧಿಪತಿಯಾದ ಫತೇಉಲ್ಲಾ ಇಮಾದ್-ಉಲ್-ಮುಲ್ಕನೂ ಮಾಹೂರದ ಅಧಿಪತಿಯಾದ ಖುದಾವಂದ ಖಾನನೂ ತಮ್ಮ ದಂಡುಗಳೊಂದಿಗೆ ರಾಜಶಿಬಿರವನ್ನು ಬಿಟ್ಟು ದೂರದಲ್ಲಿ ಬೇರೆಯಾಗಿ ಇಳಿದುಕೊಂಡರು. ಸುಲ್ತಾನನು ಕಾರಣವನ್ನು ಕೇಳಿ ಕಳುಹಿದಾಗ, ಅಂಥ ಪ್ರಧಾನಿಯನ್ನೇ ಚಾಡಿಮಾತಿಗೆ ಬಲಿಗೊಟ್ಟ ಮೇಲೆ ತಮ್ಮ ಪಾಡೇನೆಂಬ ಅರ್ಥದ ಉತ್ತರವನ್ನಿತ್ತರು. ಈ ಖುದಾವಂದ ಖಾನನು ಹಬಶಿ. ಗವಾನನು ನಾಲ್ಕು ತರಫುಗಳನ್ನು ಎಂಟಾಗಿ ಒಡೆದು ಪಂಗಡಗಳಲ್ಲಿ ಸಮತೂಕವನ್ನು ಕಾಯಲು ಯತ್ನಿಸಿದಾಗ ಅಧಿಕಾರಕ್ಕೆ ಬಂದ ಸರದಾರರಲ್ಲಿ ಅವನೊಬ್ಬನು. ಹಬಶಿಯೇ ಆದ ದಸ್ತೂರ್ ದೀನಾರನೂ ಮುಂದೆ ಕಲಬುರಗಿಯ ಕಡೆಯಲ್ಲಿ ದೊಡ್ಡ ಅಧಿಕಾರವನ್ನು ನಡೆಸಿದನು. ಅಂದರೆ ಮುದ್ರೆಯನ್ನು ಮಾರಿಕೊಂಡವನೂ ಹಬಶಿ, ತಲೆಯನ್ನು ಕಡಿದವನೂ ಹಬಶಿ, ಆ ಅನ್ಯಾಯವನ್ನು ಸುಲ್ತಾನನ ಎದುರಿಗೆ ಆಡಿ ತೋರಿಸಿದ ಇಬ್ಬರಲ್ಲಿ ಒಬ್ಬನೂ ಹಬಶಿ. ಮೊದಲಿಬ್ಬರ ಹುಟ್ಟು ಜನರ ನೆನಪಿನಲ್ಲಿ ಉಳಿಯಿತು, ಮೂರನೆಯವನದು ಅಳಿಸಿಹೋಯಿತು. ಪ್ರತಿಭಟನೆಯನ್ನು ನೆನೆಯುವ ಕೆಲವರು ಕೂಡ ಖುದಾವಂದ ಖಾನನೆಂದು ಹೇಳಿ ಸುಮ್ಮನಾಗುವರು. ದುಷ್ಕೃತ್ಯವಾದರೆ ಅದು ಕುಲದ್ದು, ಸತ್ಕೃತ್ಯವಾದರೆ ಅದು ವ್ಯಕ್ತಿಯದು ಎಂಬ ಈ ಲೆಕ್ಕಾಚಾರಕ್ಕೆ ಸಿಲುಕದ ದೀನಜನಾಂಗವು ಪ್ರಪಂಚದಲ್ಲಿ ಇಲ್ಲವೇ ಇಲ್ಲವೇನೋ. ಅಮೇರಿಕೆಯ ನೀಗ್ರೋ ಜನರ ವಿಷಯದಲ್ಲಿ ಇದೇ ಲೆಕ್ಕವು ನಡೆಯಿತೆಂದು ಓದಿ ಮರುಗುವ ಕನ್ನಡ ವಾಚಕರಿಗೆ, ಅದು ತಮ್ಮ ಊರಿನ ಮಿನಾರಿನ ನೆರಳಿನಲ್ಲಿಯೂ ನಡೆದಿದೆಯೆಂಬದು ಹೊಳೆದಂತಿಲ್ಲ.

ಈ ಹಬಶಿಗಳು ಯಾರು? ಅರಬ್ಬರು ಅಬಿಸೀನಿಯಾ ದೇಶವನ್ನು ಹಬಶ್ ಎಂದು ಕರೆಯುತ್ತಿದ್ದರು. ಅಲ್ಲಿಂದ ಬಂದವನು ಹಬಶಿ. ಕೆಂಪು ಸಮುದ್ರದ ಬಂದರುಗಳಲ್ಲಿ ಮಾರಲ್ಪಟ್ಟು, ಅರಬ ವರ್ತಕರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಹುಡುಗರು ದಖನಿನ ಸರದಾರರ ಮನೆಗಳಲ್ಲಿ ಯುದ್ಧವಿದ್ಯೆಯನ್ನು ಕಲಿತು ಬೆಳೆಯುತ್ತಿದ್ದರು. ಒಡೆಯನು ಸತ್ತ ತರುವಾಯ ಹಲವರಿಗೆ ಬಿಡುಗಡೆಯಾಗುತ್ತಿತ್ತು. ಬುದ್ಧಿಯೂ ಭುಜಬಲವೂ ಉಳ್ಳವರು ಸೇನಾಪತಿಗಳೂ ಮಂತ್ರಿಗಳೂ ಆಗುತ್ತಿದ್ದರು. ಅಮೇರಿಕೆಯ ಹತ್ತಿಯ ಹೊಲಗಳ ಗುಲಾಮಗಿರಿಗೂ ಇದಕ್ಕೂ ಇರುವ ಅಂತರವು ಚಿಕ್ಕದಲ್ಲ. ಈ ಅಂತರವನ್ನೇ ಮುಂದೆ ಮಾಡಿ, ಈ ದೇಶದಲ್ಲಿ ಬಣ್ಣದ ತಾರತಮ್ಯವೇ ಇರಲಿಲ್ಲವೆಂದು ವಾದಿಸುವವರು ಇದ್ದಾರೆ. ಗುಲಾಮನು ಮಂತ್ರಿಯಾದ ಮೇಲೆ ತಿರಸ್ಕಾರವೆಲ್ಲಿಯದು ಎಂಬದು ಅವರ ಪ್ರಶ್ನೆ.

ಉತ್ತರವು ಬೀದರದ ರಾಜಕಾರಣದಲ್ಲಿಯೇ ಇದೆ. ಅಹಮದ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಕಾಲದಿಂದ ಆಸ್ಥಾನವು ಎರಡು ಪಾಲಾಯಿತು. ಇರಾನ್, ತುರಾನ್, ಅರಬಸ್ತಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಮೊದಲೇ ಬಂದು ನೆಲೆಸಿದವರೂ ಈ ನಾಡಿನಲ್ಲಿಯೇ ಹುಟ್ಟಿ ಮತಾಂತರ ಹೊಂದಿದವರೂ ದಖನಿಗಳು. ಹಬಶಿಗಳು ಕಡಲು ದಾಟಿ ಬಂದವರೇ. ನ್ಯಾಯವಾಗಿ ಅವರನ್ನು ಪರದೇಶಸ್ಥರೊಂದಿಗೆ ಎಣಿಸಬೇಕಾಗಿತ್ತು. ಆದರೆ ಅವರು ಸೇರಿದ್ದು ದಖನಿಗಳ ಪಂಗಡಕ್ಕೆ. ಪಂಥಭೇದವು ಒಂದು ಕಾರಣ: ಆಫಾಕಿಗಳಲ್ಲಿ ಶಿಯಾ ಪಂಥದವರು ಹೆಚ್ಚು, ಹಬಶಿಗಳು ಬಹುತರ ಸುನ್ನಿಗಳು. ಇನ್ನೊಂದು ಕಾರಣವನ್ನೂ ಇತಿಹಾಸಕಾರರಲ್ಲಿ ಹಲವರು ಒಪ್ಪಿರುವರು: ಬಿಳಿಯ ಮೈಬಣ್ಣದ ಹೊಸಬರು ಕಪ್ಪು ಮೈಬಣ್ಣದವರನ್ನು ತಮ್ಮ ಸರಿಸಮಾನರೆಂದು ಭಾವಿಸಲಿಲ್ಲ. ಸಮುದ್ರವನ್ನು ದಾಟಿ ಬಂದದ್ದರಿಂದ ಯಾರೂ ಆಫಾಕಿಯಾಗುತ್ತಿರಲಿಲ್ಲ. ಯಾವ ದಡದಿಂದ ದಾಟಿ ಬಂದನೆಂಬದೂ ಗಣನೆಗೆ ಬರುತ್ತಿತ್ತು.

1470ರ ಆಸುಪಾಸಿನಲ್ಲಿ, ಅಂದರೆ ಗವಾನನ ವೈಭವದ ಕಾಲದಲ್ಲಿಯೇ, ಬೀದರಕ್ಕೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನ ಬರಹದಲ್ಲಿ ಈ ಮಾತಿಗೆ ಸಾಕ್ಷಿಯಿದೆ. ಇಲ್ಲಿಯ ಅರಸರೂ ಸರದಾರರೂ ಖುರಾಸಾನದವರೆಂದೂ, ನಾಡಿಗರು ಬರಿಗಾಲಿನಲ್ಲಿ ನಡೆಯುವ ಕಪ್ಪು ಜನರೆಂದೂ ಅವನು ಬರೆದಿರುವನು. ತಾನು ಹೋದಲ್ಲೆಲ್ಲ ಬಿಳಿಯ ಮನುಷ್ಯನನ್ನು ಕಾಣಲು ಜನರು ಹಿಂಬಾಲಿಸುತ್ತಿದ್ದರೆಂಬದನ್ನೂ ಹೇಳಿರುವನು. ಪರದೇಶಿಯ ಕಣ್ಣಿಗೆ ಬೀದರದ ಸಮಾಜವು ಮೊದಲು ತೋರಿದ್ದೇ ಬಣ್ಣದ ಮೂಲಕ. ಅವನ ಲೆಕ್ಕದಲ್ಲಿ ಹಬಶಿಗೂ ಬೀದರದ ಒಕ್ಕಲಿಗನಿಗೂ ಹೆಚ್ಚು ಅಂತರವಿರಲಿಕ್ಕಿಲ್ಲ, ಇಬ್ಬರೂ ಕಪ್ಪು. ಕಪ್ಪು ಬಣ್ಣದ ಬಗ್ಗೆ ಹಗುರಾಗಿ ಮಾತಾಡುವ ಇಂದಿನ ವಾಚಕರು ಈ ಒಂದು ಪುಟವನ್ನಾದರೂ ಓದತಕ್ಕದ್ದು.

ಮೇಲೇರಿದ ಹಬಶಿಯನ್ನು ಲೇಖಕರು ಹೇಗೆ ಕಂಡರೆಂಬದಕ್ಕೆ ಮಲಿಕ್ ಅಂಬರನ ಉದಾಹರಣೆಯೊಂದೇ ಸಾಕು. ಅಬಿಸೀನಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಲ್ಪಟ್ಟು, ಅಹಮದನಗರದ ಮಂತ್ರಿಯೂ ಹಬಶಿಯೂ ಆಗಿದ್ದ ಚಂಗೀಜ ಖಾನನ ಮನೆಯನ್ನು ಸೇರಿದ ಈ ಪುರುಷನು ಮುಂದೆ ನಿಜಾಮಶಾಹಿಯನ್ನು ಎತ್ತಿ ನಿಲ್ಲಿಸಿ, ಇಂದು ಔರಂಗಾಬಾದ್ ಎಂಬ ಹೆಸರಿನಿಂದ ಬಹು ಜನರು ಬಲ್ಲ ಊರನ್ನು 1610ರಲ್ಲಿ ಖಡ್ಕಿಯೆಂಬ ಹೆಸರಿನಿಂದ ಕಟ್ಟಿ, ಅದಕ್ಕೆ ನೀರಿನ ಕಾಲುವೆಗಳನ್ನು ತಂದು, ಭೂಕಂದಾಯದ ಹೊಸ ಕ್ರಮವನ್ನು ಹಾಕಿ, 1626ರಲ್ಲಿ ಸಾಯುವ ವರೆಗೆ ಮೊಗಲರ ದಂಡನ್ನು ದಖನಿನಲ್ಲಿ ಕಾಡಿದನು. ಅವನನ್ನು ರಣರಂಗದಲ್ಲಿ ಗೆಲ್ಲಲಾರದ ಜಹಾಂಗೀರ ಬಾದಶಹನು ತನ್ನ ಆತ್ಮಕಥೆಯಲ್ಲಿ ಅವನ ಬಣ್ಣವನ್ನು ಹಿಡಿದು ನಿಂದಿಸಿ ಸಮಾಧಾನ ಪಟ್ಟುಕೊಂಡನು. ಅಷ್ಟಕ್ಕೂ ತೃಪ್ತಿಯಾಗದೆ, 1616ರ ಸುಮಾರಿಗೆ ಅಬುಲ್ ಹಸನನೆಂಬ ಚಿತ್ರಕಾರನು ಬಾದಶಹನಿಗಾಗಿ ಒಂದು ಚಿತ್ರವನ್ನು ಬರೆದನು: ಭೂಗೋಲದ ಮೇಲೆ ನಿಂತ ಜಹಾಂಗೀರನು ಭರ್ಜಿಯ ತುದಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣವನ್ನು ಬಿಡುತ್ತಿರುವನು, ಆ ತಲೆಯ ಮೇಲೆ ಗೂಬೆ, ಮೈಬಣ್ಣವನ್ನು ಇರುಳಿಗೆ ಹೋಲಿಸುವ ಬರವಣಿಗೆ ಅಲ್ಲಿಯೇ ಇದೆ. ಈಗ ಡಬ್ಲಿನ್ ಪಟ್ಟಣದ ಸಂಗ್ರಹಾಲಯದಲ್ಲಿರುವ ಆ ಚಿತ್ರವು ಬರೆಯಲ್ಪಟ್ಟಾಗ ಅಂಬರನ ತಲೆಯು ಅವನ ಹೆಗಲಿನ ಮೇಲೆ ಭದ್ರವಾಗಿಯೇ ಇತ್ತು. ಅನಂತರವೂ ಸುಮಾರು ಹತ್ತು ವರುಷ ಹಾಗೆಯೇ ಇತ್ತು.

ನಿಂದೆಗಿಂತಲೂ ಹೊಗಳಿಕೆಯನ್ನು ಪರೀಕ್ಷಿಸಿ ನೋಡುವದು ಹೆಚ್ಚು ಬೋಧಪ್ರದವಾದದ್ದು. ಅಂಬರನು ಸತ್ತ ಮೇಲೆ ಮೊಗಲ ಆಸ್ಥಾನದವನೇ ಆದ ಮುತಾಮದ್ ಖಾನನು ಅವನ ಯುದ್ಧಕೌಶಲವನ್ನೂ ಆಡಳಿತವನ್ನೂ ಮನಃಪೂರ್ವಕವಾಗಿ ಪ್ರಶಂಸಿಸಿದನು. ಶತ್ರುವಿನಿಂದ ಬಂದ ಆ ಪ್ರಶಂಸೆಯನ್ನು ಎಲ್ಲ ಇತಿಹಾಸಕಾರರೂ ಸಂತೋಷದಿಂದ ಎತ್ತಿ ಹೇಳುವರು. ಅದರಲ್ಲಿ ಕೂಡ ಆಶ್ಚರ್ಯದ ತಿರುಳು ಒಂದೇ: ಹಬಶಿ ಗುಲಾಮನೊಬ್ಬನು ಇಷ್ಟು ಎತ್ತರಕ್ಕೆ ಏರಿದ ಬೇರೆ ಉದಾಹರಣೆಯಿಲ್ಲವೆಂಬದು. ಗೀಲಾನದ ಕುದುರೆ ವ್ಯಾಪಾರಿಯೊಬ್ಬನು ಪ್ರಧಾನಿಯಾದದ್ದಕ್ಕೆ ಯಾರೂ ಈ ಬಗೆಯಾಗಿ ಬೆರಗಾಗಲಿಲ್ಲ. ಅದು ಅವನ ಯೋಗ್ಯತೆಗೆ ತಕ್ಕ ಫಲವೆಂದರು. ಹಬಶಿಯ ಯೋಗ್ಯತೆಯು ಮಾತ್ರ ಅಪವಾದ.

ಈ ವಿಷಯದಲ್ಲಿ ಲೇಖನಿಗಿಂತ ಕುಂಚವೇ ಮೇಲೆನ್ನಬೇಕು. ಎಲ್ಲ ಕುಂಚಗಳೂ ಅಲ್ಲ, ವಿಜಾಪುರದ ಕುಂಚ. ಮಹಮ್ಮದ ಆದಿಲಶಹನ ಕಾಲದ ಚಿತ್ರಗಳಲ್ಲಿ ಅವನ ಹಬಶಿ ಮಂತ್ರಿಯಾದ ಇಖ್ಲಾಸ್ ಖಾನನು ಸುಲ್ತಾನನೊಂದಿಗೆ ಒಂದೇ ಆನೆಯ ಮೇಲೆ ಕುಳಿತಿರುವನು. ಚಿತ್ರಕಾರನು ಅವನ ಕಪ್ಪನ್ನು ತಿಳಿಮಾಡಲಿಲ್ಲ, ವಿಕಾರಗೊಳಿಸಲೂ ಇಲ್ಲ. ರಾಜ್ಯದ ಭಾರವನ್ನು ಹೊತ್ತವನ ಗಾಂಭೀರ್ಯವನ್ನು ಆ ಮುಖದಲ್ಲಿ ಕಂಡು ಹಾಗೆಯೇ ಬರೆದನು. ಕಣ್ಣಿನ ಎದುರಿಗೆ ಕುಳಿತ ಮನುಷ್ಯನನ್ನು ನೋಡಿ ಬರೆಯುವವನಿಗೂ ಕೇಳಿದ ಮಾತನ್ನು ಕೇಳಿಸಿಕೊಂಡಂತೆ ಬರೆಯುವವನಿಗೂ ಇರುವ ಭೇದವು ಇದೇ ಇರಬಹುದು.

ಇನ್ನು ಕನ್ನಡದ ಮಾತಿಗೆ ಬರಬೇಕು. ಹುಟ್ಟಿನ ಮೇಲೆ ಮನುಷ್ಯನನ್ನು ತೂಗಬಾರದೆಂದು ಈ ಜಿಲ್ಲೆಯ ಕಲ್ಯಾಣದಲ್ಲಿಯೇ 12ನೆಯ ಶತಮಾನದಲ್ಲಿ ಶರಣರು ಸಾರಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ವಿವಾಹವು ರಕ್ತಪಾತದಲ್ಲಿ ಕೊನೆಗಂಡಿತೆಂಬದನ್ನು ಜಿಲ್ಲೆಯ ಪ್ರತಿಯೊಬ್ಬರೂ ಬಲ್ಲರು. ಕುಲವೆಂಬ ಮಾತನ್ನು ಅಷ್ಟು ನಿಷ್ಠುರವಾಗಿ ಪರೀಕ್ಷಿಸಿದ ಭಾಷೆಯು ಬಣ್ಣವೆಂಬ ಮಾತನ್ನು ಪರೀಕ್ಷಿಸಲೇ ಇಲ್ಲ. ಕನ್ನಡದಲ್ಲಿ ವರ್ಣವೆಂದರೆ ಬಣ್ಣವೂ ಅಹುದು, ಚಾತುರ್ವರ್ಣ್ಯದ ಒಂದು ಪಂಗಡವೂ ಅಹುದು. ವರ್ಣಭೇದವೆಂದರೆ ಮಾತ್ರ ಕಡಲಾಚೆಯ ದಕ್ಷಿಣ ಆಫ್ರಿಕದ ಅನ್ಯಾಯ. ಶಬ್ದವು ಮನೆಯದು, ಅರ್ಥವು ಪರದೇಶದ್ದು. ಮನೆಯಲ್ಲಿ ಮಗುವಿಗೆ ಕರಿಯನೆಂದು ಅಡ್ಡಹೆಸರಿಡುವಾಗ, ಹೆಣ್ಣಿನ ಮದುವೆಯ ಮಾತುಕತೆಯಲ್ಲಿ ಬಣ್ಣ ಸ್ವಲ್ಪ ಕಡಿಮೆಯೆಂದು ದನಿ ತಗ್ಗಿಸುವಾಗ, ಆ ಶಬ್ದವು ಯಾರ ನೆನಪಿಗೂ ಬರುವದಿಲ್ಲ. ಹಬಶಿಯೆಂಬ ದೇಶವಾಚಕವು ಉರ್ದು, ಮರಾಠಿಗಳ ಬಳಕೆಯಲ್ಲಿ ಬೈಗುಳಾಗಿ ಇಳಿದದ್ದನ್ನು ಮೂರು ಭಾಷೆಗಳು ಕೂಡುವ ಕಮಲನಗರ, ಔರಾದಗಳ ಸಂತೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ಜನರಿಗೆ ಒಂದು ಅನುಭವವಿದೆ: ಈಚೆಯವರು ಅವರನ್ನು ಆಚೆಯವರೆಂದೂ ಆಚೆಯವರು ಈಚೆಯವರೆಂದೂ ಎಣಿಸುವದುಂಟು. ಅಂಥವರಿಗೆ ಹಬಶಿಯ ಪಾಡು ಉಳಿದವರಿಗಿಂತ ಬೇಗನೆ ತಿಳಿಯಬೇಕು.

ಜಾತಿಯನ್ನೂ ಜನಾಂಗವನ್ನೂ ಒಂದೇ ಎಂದು ಕಲಸಿಬಿಡುವ ತಪ್ಪನ್ನು ಇಲ್ಲಿ ಮಾಡಬಾರದು. ಜಾತಿಗಳು ಬೇರೆ ಬೇರೆ ಜನಾಂಗಗಳಿಂದ ಹುಟ್ಟಿದವೆಂಬ ವಾದವನ್ನು ಡಾಕ್ಟರ್ ಅಂಬೇಡಕರರು 1936ರಲ್ಲಿಯೂ 1948ರಲ್ಲಿಯೂ ಸಾಧಾರವಾಗಿ ತಳ್ಳಿಹಾಕಿದರು. ಆದರೆ 2001ರಲ್ಲಿ ಡರ್ಬನ್ ಪಟ್ಟಣದಲ್ಲಿ ಜನಾಂಗದ್ವೇಷವನ್ನು ಕುರಿತು ವಿಶ್ವಪರಿಷತ್ತು ಕೂಡಿದಾಗ, ಜಾತಿಯು ಜನಾಂಗವಲ್ಲವೆಂಬ ಮಾತನ್ನೇ ಭಾರತ ಸರಕಾರವು ಜಾತಿಯ ಚರ್ಚೆಯು ಅಲ್ಲಿಗೆ ಬಾರದಂತೆ ತಡೆಯಲು ಬಳಸಿತು. ಒಂದು ಸತ್ಯವನ್ನು ಬಾಗಿಲು ತೆರೆಯಲೂ ಬಾಗಿಲು ಮುಚ್ಚಲೂ ಬಳಸಬಹುದೆಂಬದಕ್ಕೆ ಇದು ನಿದರ್ಶನ. ಅದೇ ಭಾರತವು 1946ರಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಸಂಯುಕ್ತ ರಾಷ್ಟ್ರಸಂಘಕ್ಕೆ ದೂರನ್ನೊಯ್ದು, ಆ ದೇಶದೊಂದಿಗೆ ವ್ಯಾಪಾರವನ್ನು ಮುರಿದುಕೊಂಡಿತ್ತು. ಆ ಕೀರ್ತಿಯು ಸುಳ್ಳಲ್ಲ. ಸಂವಿಧಾನದ 15ನೆಯ ಅನುಚ್ಛೇದವು ಜಾತಿಯನ್ನೂ ಜನಾಂಗವನ್ನೂ ಬೇರೆ ಬೇರೆಯಾಗಿ ಹೆಸರಿಸಿ ಎರಡರ ಆಧಾರದ ತಾರತಮ್ಯವನ್ನೂ ನಿಷೇಧಿಸಿದೆ. ದೇಶವು ಕಾಗದದ ಮೇಲೆ ಸರಿಯಾಗಿಯೇ ಬರೆದುಕೊಂಡಿದೆ.

ಬೀದರದ ಪೂರ್ವಕ್ಕೆ ಹಬಶಿ ಕೋಟೆಯೆಂಬ ದಿಬ್ಬವೊಂದಿದೆ. ಹಬಶಿ ಸರದಾರರ ಗೋರಿಗಳು ಅಲ್ಲಿವೆ. 1947ರಲ್ಲಿ ಪ್ರಕಟವಾದ ಗುಲಾಮ್ ಯಜದಾನಿಯವರ ಬೀದರದ ಸ್ಮಾರಕಗಳ ಬೃಹದ್ಗ್ರಂಥವು ಅದನ್ನು ಬಿಟ್ಟಿಲ್ಲ. ಪ್ರವಾಸಿಗಳು ಮಾತ್ರ ಬಿಟ್ಟಿರುವರು. ಅಷ್ಟೂರದಲ್ಲಿ ಹಾಗಲ್ಲ. ಅಲ್ಲಿ ಮಲಗಿರುವ ಅಹಮದ ಶಹ ವಲಿಯನ್ನು ಈ ಸೀಮೆಯ ಜನರು ಅಲ್ಲಮಪ್ರಭುವೆಂದು ನೆನೆಯುವರು. ಉರುಸಿಗೆ ಜಂಗಮರು ಬರುವರು, ತೆಂಗಿನಕಾಯಿ ಒಡೆಯುವದು. ಪರದೇಶದ ಸೂಫಿಗಳನ್ನು ಕರೆಯಿಸಿ ಗೌರವಿಸಿದ ಸುಲ್ತಾನನನ್ನು ಇಷ್ಟು ಸಲೀಸಾಗಿ ತನ್ನವನನ್ನಾಗಿ ಮಾಡಿಕೊಂಡ ಕನ್ನಡ ಜನತೆಯ ಹೃದಯವು ಚಿಕ್ಕದೆಂದು ಯಾರೂ ಹೇಳಲಾರರು. ಹಬಶಿ ಕೋಟೆಯ ಒಬ್ಬನಿಗೂ ಆ ಭಾಗ್ಯವು ಬರಲಿಲ್ಲವೇಕೆ ಎಂದು ಕೇಳುವದು ಅದಕ್ಕೇ ಅಗತ್ಯ.

ಹಬಶಿಗಳ ಕಥೆಯು ಗೋರಿಗಳಲ್ಲಿ ಮುಗಿದದ್ದಲ್ಲ. ಹೈದರಾಬಾದಿನಲ್ಲಿ ನಿಜಾಮರ ಆಫ್ರಿಕನ್ ಕಾವಲುದಂಡಿನ ಹೆಸರನ್ನು ಒಂದು ಬಡಾವಣೆಯು ಇಂದಿಗೂ ಹೊತ್ತಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡುಗಳಲ್ಲಿ ಸಿದ್ದಿಗಳು ಬಾಳುತ್ತಿರುವರು. ಗೋವೆಯ ಪೋರ್ತುಗೀಜರು ತಂದ ಗುಲಾಮರ ಸಂತತಿಯವರು ಅವರಲ್ಲಿ ಬಹಳ. ಸಿದ್ದಿಯೆಂಬ ಹೆಸರು ಒಡೆಯನೆಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದದ್ದೆನ್ನುವರು. ಆ ಹೆಸರನ್ನು ಹೊತ್ತವರು ಪರರ ತೋಟಗಳಲ್ಲಿ ಕೂಲಿಮಾಡಿ ತಲೆಮಾರುಗಳನ್ನು ಕಳೆದರು. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಪರಿಶಿಷ್ಟ ಬುಡಕಟ್ಟೆಂಬ ಮನ್ನಣೆಯು ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿಯೂ ಧಾರವಾಡ, ಬೆಳಗಾವಿಗಳವರಿಗೆ 2020ರಲ್ಲಿಯೂ ದೊರೆಯಿತು. 2020ರಲ್ಲಿಯೇ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣ ಹೊಂದಿದರು.

ಅದಕ್ಕೆ ಮೊದಲು ಸರಕಾರದ ದೃಷ್ಟಿಯು ಅವರ ಮೇಲೆ ಬಿದ್ದದ್ದು ಬೇರೊಂದು ರೀತಿಯಲ್ಲಿ. 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟದ ಶಿಕ್ಷಣಕ್ಕೆ ಕರೆದೊಯ್ದಿತು. ಆಫ್ರಿಕದ ರಕ್ತದಲ್ಲಿ ಓಟವು ಹುಟ್ಟಿನಿಂದಲೇ ಇರುವದೆಂಬ ನಂಬಿಕೆಯು ಅದರ ಬುಡದಲ್ಲಿತ್ತು. ಕೆಲವು ಮಕ್ಕಳು ಪದಕಗಳನ್ನು ತಂದರು. 1993ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಮಕ್ಕಳು ಕಾಡಿಗೆ ಮರಳಿದರು. ಇಲ್ಲಿ ದ್ವೇಷದ ಲೇಶವೂ ಇಲ್ಲ, ಆದರಿಸಿದಂತೆಯೇ ತೋರುವದು. ಆದರೂ ಮುತಾಮದ್ ಖಾನನ ಪ್ರಶಂಸೆಯಲ್ಲಿದ್ದ ದೋಷವೇ ಇದರಲ್ಲಿಯೂ ಇದೆ. ಹುಡುಗಿಯೊಬ್ಬಳು ಓಡಿ ಗೆದ್ದರೆ ಅದು ಅವಳ ಶ್ರಮವಲ್ಲ, ಅವಳ ರಕ್ತ.

ಕನ್ನಡ ರಂಗಭೂಮಿಯು ಇದಕ್ಕಿಂತ ಉತ್ತಮವಾದದ್ದನ್ನು ಮಾಡಿತು. ಚಿನುವಾ ಅಚಿಬೆಯ 1958ರ ಕಾದಂಬರಿಯ ರಂಗರೂಪವಾದ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನು ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿ ಕಲಾವಿದರಿಂದ ಆಡಿಸಿದರು. ನೀನಾಸಮಿನ ಬಳಗದಿಂದ ಬೆಳೆದ ಸಿದ್ದಿ ನಟನಟಿಯರ ಪೈಕಿ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿಯವರ ಹೆಸರುಗಳನ್ನು ಇಂದು ಕನ್ನಡಿಗರು ಬಲ್ಲರು. ಉಪಕಾರವನ್ನು ಸ್ಮರಿಸಿಯೂ ಒಂದು ಮಾತನ್ನು ಹೇಳಬೇಕಾಗಿದೆ. ರಂಗಕ್ಕೆ ಕರೆತಂದಾಗ ಸಿದ್ದಿಗೆ ದೊರೆತದ್ದು ನೈಜೀರಿಯದ ಇಗ್ಬೋ ಜನರ ಪಾತ್ರ. ಆಫ್ರಿಕದ ಕಥೆಗೆ ಆಫ್ರಿಕದ ಮೈ ಒದಗಿತು. ಯಲ್ಲಾಪುರದ ಅಡಕೆ ತೋಟದಲ್ಲಿ ದುಡಿದು, ಕನ್ನಡದಲ್ಲಿ ಕನಸು ಕಂಡ ಸಿದ್ದಿಯೊಬ್ಬನು ತನ್ನ ಊರಿನ ಕಥೆಗೆ ನಾಯಕನಾಗಿ ದೊಡ್ಡ ರಂಗದ ಮೇಲೆ ನಿಂತದ್ದು ಅಪರೂಪ. ಮಲ್ಲಪ್ಪನೋ ರಾಮಣ್ಣನೋ ಆಗಿ, ಬಣ್ಣದ ಮಾತೇ ಇಲ್ಲದ ಪಾತ್ರದಲ್ಲಿ ನಿಂತದ್ದು ಇನ್ನೂ ಅಪರೂಪ.

ಹುಟ್ಟನ್ನು ಕೃತ್ಯಕ್ಕೆ ಕಟ್ಟುವ ಕಥನಕ್ರಮವು ಪುಸ್ತಕಗಳಲ್ಲಿ ಮಾತ್ರವೇ ಇದ್ದಿದ್ದರೆ ಇಷ್ಟು ವಿಸ್ತಾರವಾಗಿ ವಿವೇಚಿಸುವ ಅಗತ್ಯವಿರಲಿಲ್ಲ. 2016ನೆಯ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆಯ ರಸ್ತೆಯಲ್ಲಿ ಸುದಾನ್ ದೇಶದ ವಿದ್ಯಾರ್ಥಿಯೊಬ್ಬನ ಮೋಟಾರು ಹಾಯ್ದು ಹೆಂಗಸೊಬ್ಬಳು ಸತ್ತಳು. ಕೆಲವು ಹೊತ್ತಿನ ಮೇಲೆ ಬೇರೆ ಮೋಟಾರಿನಲ್ಲಿ ಬೇರೆ ಜನರೊಡನೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಎಳೆದು ಹೊಡೆಯಿತು; ತನ್ನ ಬಟ್ಟೆಯನ್ನು ಹರಿದರೆಂದು ಆಕೆ ದೂರಿತ್ತಳು; ಅವರ ಮೋಟಾರಿಗೆ ಬೆಂಕಿಯಿಟ್ಟರು. ಸುದಾನಿಗೂ ಟಾಂಜಾನಿಯಕ್ಕೂ ನಡುವೆ ಇರುವ ಅಂತರವನ್ನು ಆ ಗುಂಪು ಎಣಿಸಲಿಲ್ಲ. ಒಬ್ಬನು ಮಾಡಿದ್ದು ಎಲ್ಲರದು. ಇದು ಜನಾಂಗದ್ವೇಷವಲ್ಲ, ಅಪಘಾತದಿಂದ ಕೆರಳಿದ ಜನರ ಕೃತ್ಯವೆಂದು ರಾಜ್ಯ ಸರಕಾರದ ಕಡೆಯಿಂದ ವಿವರಣೆಯು ಬಂತು. ಕೆರಳಿಕೆ ನಿಜವಿರಬಹುದು, ಆದರೆ ಅಪಘಾತ ಮಾಡಿದವನು ಬಿಳಿಯನಾಗಿದ್ದ ಪಕ್ಷದಲ್ಲಿ, ಅರ್ಧ ತಾಸಿನ ಮೇಲೆ ಬಂದ ಬೇರೊಬ್ಬ ಬಿಳಿಯಳನ್ನು ಆ ಗುಂಪು ಹೀಗೆ ಹಿಡಿಯುತ್ತಿತ್ತೇ ಎಂಬ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿರಲಿಲ್ಲ. ಮುದ್ರೆಯ ಗುಲಾಮನ ತಪ್ಪನ್ನು ಹಬಶಿಯ ತಪ್ಪೆಂದು ಶತಮಾನಗಳಿಂದ ಕೇಳುತ್ತ ಬಂದ ಕಿವಿಗೆ ಆ ಪ್ರಶ್ನೆಯು ಏಳುವದೇ ಕಷ್ಟ.

1942ರಲ್ಲಿ ಹಾರೂನ್ ಖಾನ್ ಶೇರವಾನಿಯವರು ಗವಾನನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಅವನಿಗೆ ಈ ಕಾಲದ ವಾಚಕರಲ್ಲಿ ಸ್ಥಿರವಾದ ಸ್ಥಾನವನ್ನು ಒದಗಿಸಿಕೊಟ್ಟರು. ಕನ್ನಡದಲ್ಲಿ ಆ ಕಥೆಯನ್ನು ಇನ್ನು ಮೇಲೆ ಬರೆಯುವವರಿಗೆ, ಮಕ್ಕಳಿಗೆ ಮದರಸಾದ ಅಂಗಳದಲ್ಲಿ ಹೇಳುವ ಗುರುಗಳಿಗೆ, ಹೊಸ ಸಾಮಗ್ರಿಯನ್ನು ಹುಡುಕುವ ಶ್ರಮವೂ ಇಲ್ಲ. ಫಿರಿಸ್ತನು ಬರೆದಿಟ್ಟದ್ದನ್ನು ಕೊನೆಯ ವರೆಗೆ ಓದಿದರೆ ಆಯಿತು. ಗವಾನನ ತಲೆ ಉರುಳಿದ ಸ್ಥಳಕ್ಕೆ ಕಥೆಯು ನಿಲ್ಲುವ ರೂಢಿಯಾಗಿದೆ. ಅದು ಇನ್ನೂ ಒಂದು ಪುಟ ಮುಂದೆ ಸಾಗಬೇಕು: ಕೊಂಡಪಲ್ಲಿಯ ರಾಜಶಿಬಿರವು ಭಯದಿಂದ ತತ್ತರಿಸುತ್ತಿದೆ, ಗವಾನನ ಆಳುಗಳ ಡೇರೆಗಳು ಲೂಟಿಯಾಗಿವೆ, ಸುಲ್ತಾನನ ಅಮಲು ಇಳಿಯುತ್ತಿದೆ, ದೂರದ ಬಯಲಿನಲ್ಲಿ ಎರಡು ದಂಡುಗಳು ಬೇರೆಯಾಗಿ ಇಳಿದುಕೊಂಡಿವೆ, ಸುಲ್ತಾನನ ದೂತನು ಕಾರಣ ಕೇಳಲು ಅತ್ತ ಹೊರಟಿರುವನು. ಆ ಎರಡು ಡೇರೆಗಳಲ್ಲಿ ಒಂದರಲ್ಲಿ ಅವನಿಗಾಗಿ ಕಾದು ಕುಳಿತವನು ಮಾಹೂರದ ಖುದಾವಂದ ಖಾನ್ ಹಬಶಿ.